ಕಳೆಯನ್ನು ಸಾಕಿ ಬೆಳೆಸಿದ ಔಷಧಿಯವರಿಗೆ

ಜೋರಾಪುರ ಪೇಟೆಯ 'ಕಳೆಯಮ' ಕಳೆನಾಶಕ ಕಂಪನಿಯ ವ್ಯವಸ್ಥಾಪಕರಿಗೆ, ಬಬಲೇಶ್ವರದ ಎರಡೆಕರೆ ತೊಗರಿ ಹೊಲದಿಂದ, ಮೊದಲೇ ಬಾಗಿದ ಸೊಂಟವನ್ನು ಇನ್ನಷ್ಟು ಬಾಗಿಸಿ ಸೌಭಾಗ್ಯ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ಔಷಧಿಯನ್ನು ನಾಲ್ಕು ವರ್ಷ ತಪ್ಪದೆ ಕುಡಿದ ನಮ್ಮ ಹೊಲದ ಕಳೆ ಈಗ ಅದರಿಂದ ಸಾಯುವುದನ್ನೇ ಬಿಟ್ಟಿದ್ದು, ಈ ಸಲ ಎರಡೆರಡು ಬಾರಿ ಸಿಂಪಡಿಸಿದ ಮೇಲೂ ನನ್ನ ಮೊಣಕಾಲು ದಾಟಿ ಬೆಳೆದು ತೊಗರಿಯನ್ನು ಮುಚ್ಚಿತೆಂದು ತಿಳಿಸಲು ಹರ್ಷಿಸುತ್ತೇನೆ. ಇಷ್ಟೇ ಪುಷ್ಟಿ ಕೊಡುವ ಔಷಧಿಯೊಂದನ್ನು ತೊಗರಿಗೂ ತಯಾರಿಸಬೇಕೆಂದು ವಿನಂತಿ.

ಎತ್ತು ಹೂಡಿ ಸಾಲುಗಳ ನಡುವಿನ ಕಳೆ ಹರಗಲು ಎಡೆಕುಂಟೆ ಹೊಡೆಯೋಣವೆಂದರೆ, ಕುಂಟೆಯ ಕಾಲ ಮುಗಿಯಿತು, ಸಾಲು ಒತ್ತಾಗಿ ಬಿತ್ತಿರಿ ಎಂದ ತಮ್ಮ ಪ್ರತಿನಿಧಿಯ ಮಾತನ್ನು ನನ್ನ ಯಜಮಾನರಾದ ಬೀರಣ್ಣನವರು ವೇದವಾಕ್ಯವೆಂದು ನಂಬಿದ್ದರಿಂದ, ಸಾಲುಗಳ ನಡುವೆ ಈಗ ಎತ್ತಿರಲಿ, ಆಡೂ ಹೋಗಲಾರದು. ದಯವಿಟ್ಟು ಬೆಕ್ಕಿನ ಗಾತ್ರದ ಒಂದು ಜೋಡಿ ಎತ್ತು ಕಳಿಸಿರಿ. ಸಿಗದಿದ್ದರೆ ಆ ಪ್ರತಿನಿಧಿಯವರೇ ತೆಳ್ಳಗಿದ್ದಾರೆ, ನಡೆದೀತು.

ಉಳಿದದ್ದು ಕೂತು ಕಳೆ ತೆಗೆಯುವ ಕುರ್ಪಿ ಮತ್ತು ಕೈ. ನಮ್ಮ ಹೆಂಗಸರದು ಮುಯ್ಯಿಯ ಲೆಕ್ಕ: ಇಂದು ಅವಳ ಹೊಲದಲ್ಲಿ ನಾನು ಕಿತ್ತರೆ ನಾಳೆ ನನ್ನ ಹೊಲಕ್ಕೆ ಅವಳು. ಬಾಟಲಿಯ ಸೊಕ್ಕಿನಲ್ಲಿ ನಾಲ್ಕು ವರ್ಷ ನಾನು ಯಾರ ಹೊಲಕ್ಕೂ ಹೋಗಿರಲಿಲ್ಲ. ಪಕ್ಕದ ಹೊಲದ ರಾಜಬಿಯ ಬಾಗಿಲಲ್ಲಿ ನಿಂತಾಗ ನಾಚಿಕೆಯಿಂದ ಭೂಮಿಗಿಳಿದೆ. "ನಾಕ ವರ್ಷ ನಾವು ಇದ್ದೇವೋ ಸತ್ತೇವೋ ಕೇಳಲಿಲ್ಲ, ಈಗ ಕಸ ಕರಕೊಂಡ ಬಂತೇನ ಬೇ? ಮೊದಲ ನಮ್ಮ ಹೊಲಕ್ಕ ಬಾ, ಆಮ್ಯಾಲ ನಿಂದು ನೋಡೂಣು" ಎಂದಳು. ಅವಳು ಹೇಳಿದ್ದು ಸರಿಯೇ ಇತ್ತು.

ಒಂದು ವಾರ ರಾಜಬಿ ಮತ್ತು ಅವಳ ಮುಯ್ಯಿಯ ಜೊತೆಗಾತಿಯರ ಹೊಲಗಳಲ್ಲಿ ಕಿತ್ತೆ. ಬದುವಿನಾಚೆ ನಮ್ಮ ಕಳೆ ಹೂಬಿಡುತ್ತಿತ್ತು. ಬೀಜ ಕಟ್ಟಿ ಉದುರಿದರೆ ಮುಂದಿನ ವರ್ಷವೂ ಹೋದಂತೆಯೇ. ಆಮೇಲೆ ರಾಜಬಿ ಸೇರಿ ಆ ಒಂಬತ್ತು ಹೆಂಗಸರು ಬಂದು, ಮೂರು ದಿನದಲ್ಲಿ, ಬೀಜ ಕಟ್ಟುವ ಮೊದಲೇ ಎಲ್ಲವನ್ನೂ ಬೇರುಸಹಿತ ಕಿತ್ತು ಗುಡ್ಡೆ ಹಾಕಿದರು. ತೊಗರಿ ಉಸಿರಾಡಿತು.

ಮರುದಿನವೇ ತಮ್ಮ ಪ್ರತಿನಿಧಿ ಬಂದು, ಸ್ವಚ್ಛವಾದ ಹೊಲದ ಫೋಟೊ ಹೊಡೆದು, ಬದುವಿನ ಮೇಲೆ 'ಕಳೆಯಮನ ಸಾಧನೆ' ಎಂದು ಬೋರ್ಡು ನೆಟ್ಟು, ತಿಕೋಟಾ ಬಸ್ ನಿಲ್ದಾಣದ ಎದುರೂ ಅದೇ ಫೋಟೊ ಹಾಕಿಸಿದ್ದಾರೆ. ಒಂಬತ್ತು ಹೆಂಗಸರ ಅಂಗೈಯ ಬೊಕ್ಕೆಗಳನ್ನು ಒಂದೇ ಬಾಟಲಿಗೆ ತುಂಬಿದ ಈ ಚಾತುರ್ಯಕ್ಕೆ ಶರಣು. ಸಾಧನೆ ತಮ್ಮದೇ ಆದಲ್ಲಿ ಅದಕ್ಕೆ ನಾನಿನ್ನೂ ತೀರಿಸಬೇಕಾದ ಮುಯ್ಯಿಯೂ ತಮ್ಮದೇ ಆದ್ದರಿಂದ, ಕಂಪನಿಯ ಸಕಲ ಅಧಿಕಾರಿಗಳು ಟೈ ಕಟ್ಟಿಕೊಂಡೇ ಬಂದು ಆ ಒಂಬತ್ತೂ ಹೊಲಗಳಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಳೆ ಕೀಳಬೇಕು. ಕುರ್ಪಿ ನಾವೇ ಕೊಡುತ್ತೇವೆ.

ಔಷಧಿಯೊಂದರ ಹೊರತು ಮಿಕ್ಕೆಲ್ಲದರಲ್ಲಿ ತಮ್ಮ ವಿಶ್ವಾಸಿ,
ಸೌಭಾಗ್ಯ ಬೀರಣ್ಣ

ತಾ.ಕ.: ಬದುವಿನ ಮೇಲಿನ ಬೋರ್ಡನ್ನು ರಾಜಬಿ ಇಂದು ಬೆಳಿಗ್ಗೆ ಗೂಟಸಮೇತ ಕಿತ್ತಳು. ಇಂಥದು ಒಂದು ಉಳಿದರೂ ಮುಂದಿನ ವರ್ಷ ಊರ ತುಂಬ ಹರಡುತ್ತದಂತೆ.