ಬಾವಿಯಿಂದ ಆಡಿನ ತೆರವು ಹಾಗೂ 'ಹೂಂ' ಅನ್ನುವ ಕ್ರಮದ ಕುರಿತು

ಓದು-ಬರಹ ಇಲಾಖೆ (ಸಂಜೆ ವಿಭಾಗ)
ಬಸಕ್ಕನ ಮನೆಯ ಕಟ್ಟೆ, ಗಿರಣಿಯ ಬಾಜು, ಕುಂದಗೋಳ ತಾಲೂಕು

ಸಂಖ್ಯೆ: ಓಬಇ/ಆಡು/ಬಾವಿ/01
ದಿನಾಂಕ: ಶೇಂಗಾ ಒಡೆಯುವ ದಿನಗಳ ಒಂದು ಬುಧವಾರ

ವಿಷಯ: ಕಳೆದ ಶನಿವಾರದಿಂದ ಬಾವಿಯಲ್ಲಿ ಉಳಿದಿರುವ ಆಡನ್ನು ಮೇಲೆತ್ತಿ ಕಥೆ ಮುಗಿಸುವ ಬಗ್ಗೆ.

ಉಲ್ಲೇಖ: 1) ಶಾಲೆಯ ಅಂಗಳದಲ್ಲಿ ಜರುಗಿದ ಘಟನೆ.
2) ಕಟ್ಟೆಯ ಮಾಲೀಕರಾದ ಬಸಕ್ಕನವರ ಮೌಖಿಕ ಟಿಪ್ಪಣಿ: "ಕತಿ ಅರ್ಧಾ ಬಿಟ್ಟು ಬರ್ತಾರನ ಬೇ ಯಾರರ?"

ಪ್ರಸ್ತಾವನೆ:

ಈ ಇಲಾಖೆಯ ಏಕೈಕ ಸಿಬ್ಬಂದಿಯಾದ ತಬಸುಮ್ ಎಂಬುವರು ಹಗಲು ಹೊಲಿಗೆ ಯಂತ್ರದ ಮೇಲೂ ಸಂಜೆ ಕಟ್ಟೆಯ ಮೇಲೂ ಕರ್ತವ್ಯ ನಿರ್ವಹಿಸುತ್ತಿದ್ದು, ಸಣ್ಣ ಇಯತ್ತೆಯ ಮಕ್ಕಳಿಗೆ ಕಾಗುಣಿತ, ಹೊಸ ಪದ ಮತ್ತು ಕಥೆ ಕಟ್ಟುವುದನ್ನು ಕಲಿಸುತ್ತಾರೆ. ಸದರಿಯವರು ಎಂಟನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟಿರುವ ಕಾರಣ ಒಂಬತ್ತನೆಯ ಇಯತ್ತೆಯ ಪದಗಳು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಅವರ ಧ್ವನಿಯು ಗಿರಣಿ ಬಂದ್ ಆದ ಮೇಲಷ್ಟೇ ಕೇಳಿಸುವುದರಿಂದ ಇಲಾಖೆಯ ವೇಳೆಯನ್ನು ಗಿರಣಿಗೆ ಹೊಂದಿಸಲಾಗಿದೆ.

ಕಳೆದ ಶನಿವಾರ ಮುಖ್ಯಗುರುಗಳ ಕರೆಯ ಮೇರೆಗೆ ಸದರಿಯವರು ಇಡೀ ಶಾಲೆಯ ಮುಂದೆ ಕಥೆ ಹೇಳಲು ನಿಂತರು. ಬಾವಿಯ ಗೋಡೆಯಲ್ಲಿ ಬೇವಿನ ಸಸಿ, ಅದರ ಆಸೆಗೆ ಇಣುಕಿದ ಆಡು, ಆಡು ಒಳಗೆ. ಅಲ್ಲಿಯವರೆಗೆ ಕಡತ ಸುಗಮವಾಗಿ ಸಾಗಿತ್ತು. ಆದರೆ ಕೇಳುವವರು ಹೂಂಗುಟ್ಟದೆ ಕಥೆ ಮುಂದಕ್ಕೆ ಹೋಗಬಾರದೆಂಬುದು ಕಟ್ಟೆಯ ಕಾನೂನು. ಅತ್ತ ಮುಖ್ಯಗುರುಗಳು ಗೌರವಾರ್ಥವಾಗಿ ಎಲ್ಲ ಮಕ್ಕಳಿಗೂ ಬಾಯಿ ಮೇಲೆ ಬೆರಳು ಇಡಿಸಿದ್ದರು. ಸದರಿಯವರು 'ಹೂಂ'ಗಾಗಿ ಕಾದರು. ಮಕ್ಕಳು ಬೆರಳಿನ ಹಿಂದಿನಿಂದ ಕಣ್ಣರಳಿಸಿ ಆಡಿಗಾಗಿ ಕಾದರು. ಕೊನೆಗೆ ಸದರಿಯವರು ಮೈಕಿಗೆ ನಮಸ್ಕಾರ ಮಾಡಿ ಮನೆಗೆ ಬಂದರು. ಚಪ್ಪಲಿ ಶಾಲೆಯಲ್ಲೇ ಉಳಿದವು.

"ಬರೂ ಶನಿವಾರ ಬಂದು ಮುಗಿಸ್ರಿ. ಇಲ್ಲಾಂದ್ರ ಕತಿ ವ್ಯಾಳ್ಯಾ ಲೆಕ್ಕದ ಸರ್‌ಗೆ ಕೊಟ್ಟಬಿಡ್ತೇನಿ" ಎಂದು ಮುಖ್ಯಗುರುಗಳು, ಚಪ್ಪಲಿಗಳ ಸಮೇತ, ಹೇಳಿ ಕಳಿಸಿರುತ್ತಾರೆ. ಆದುದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ.

1. ಪದಗಳನ್ನು ಎಂದಿನಂತೆ ಗೋಣಿಚೀಲದ ಮೇಲೆ ಶೇಂಗಾ ಬೀಜಗಳಿಂದಲೇ ಬರೆಯತಕ್ಕದ್ದು. ಸರಿಯಾಗಿ ಬರೆದವರು ಆ ಪದವನ್ನು ತಿನ್ನಬಹುದು. ತಪ್ಪು ಬರೆದವರು ತಿದ್ದಿ ತಿನ್ನತಕ್ಕದ್ದು. ತಿದ್ದುವ ಮೊದಲೇ ಒತ್ತಕ್ಷರವನ್ನು ನುಂಗಿ ಸಾಕ್ಷ್ಯ ನಾಶ ಮಾಡುವುದನ್ನು ಗಂಭೀರವಾಗಿ ಪರಿಗಣಿಸಲಾಗುವುದು.

2. ಮೂರನೆಯ ಇಯತ್ತೆಯ ಭೀಮೇಶನು 'ಆಡು' ಎಂದು ಬರೆಯಲು ನಿರಾಕರಿಸಿ, "ಅದರಾಗ ಎರಡ ಅಕ್ಷರ ಅದಾವ್ರಿ ಅಕ್ಕಾರ, ಹೊಟ್ಟಿ ತುಂಬಂಗಿಲ್ಲ" ಎಂದು 'ತಾಲೂಕಾ ಪಂಚಾಯತಿ ಕಾರ್ಯಾಲಯ' ಎಂಬುದನ್ನು ತಪ್ಪಿಲ್ಲದೆ ಬರೆದು ಪೂರ್ತಿ ತಿಂದಿರುತ್ತಾನೆ. ಅವು ಬಸಕ್ಕನವರು ಬಿತ್ತಲು ಇಟ್ಟ ಬೀಜಗಳೆಂದು ತಡವಾಗಿ ಇಲಾಖೆಯ ಗಮನಕ್ಕೆ ಬಂದಿದೆ. ಇನ್ನು ಮುಂದೆ ಸರಕಾರಿ ಕಚೇರಿಗಳ ಹೆಸರುಗಳನ್ನು ಹುರಿದ ಶೇಂಗಾದಲ್ಲಿ ಮಾತ್ರ ಬರೆಯತಕ್ಕದ್ದು.

3. ಕಥೆಗೆ ಮೊದಲು, ನಡು, ಕೊನೆ ಎಂಬ ಮೂರು ಭಾಗಗಳಿರತಕ್ಕದ್ದು. ಮೊದಲಲ್ಲಿ ಯಾರಿಗಾದರೂ ಏನಾದರೂ ಬೇಕಾಗಿರಬೇಕು. ನಡುವೆ ಅದಕ್ಕೆ ಅಡ್ಡಿ ಬರಬೇಕು. ಕಥೆ ಹೇಳುವವರೇ ಅಡ್ಡಿಯಾಗಿ ಎದ್ದು ಹೋಗುವುದನ್ನು 'ಕೊನೆ' ಎಂದು ಪರಿಗಣಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ.

4. ಆಡನ್ನು ಮೇಲೆತ್ತಲು ಮಕ್ಕಳಿಂದ ಸಲಹೆ ಕೇಳಲಾಗಿ, ಭೀಮೇಶನ ಮುಂದಾಳತ್ವದಲ್ಲಿ "ಜೆಸಿಬಿ ತರಸ್ರಿ" ಎಂಬ ಒಂದೇ ಉತ್ತರ ಬಂದಿರುತ್ತದೆ. ಜೆಸಿಬಿಯಿಂದ ಎಲ್ಲ ಕಥೆಗಳೂ ನಡುವಿಲ್ಲದೆ ಮುಗಿಯುತ್ತಿರುವುದರಿಂದ, ರಾಕ್ಷಸ, ಹುಲಿ, ಮಲತಾಯಿ ಸೇರಿದಂತೆ ಯಾರ ಮೇಲೂ ಸದರಿ ವಾಹನವನ್ನು ಇಲಾಖೆಯ ಪೂರ್ವಾನುಮತಿ ಇಲ್ಲದೆ ಹಾಯಿಸತಕ್ಕದ್ದಲ್ಲ.

5. ಕಥೆ ಅರ್ಧಕ್ಕೆ ನಿಂತ ಅದೇ ಶನಿವಾರ ಸಂಜೆ ಸದರಿಯವರು ಬಾಗಿಲು ಹಾಕಿಕೊಂಡು ಕೂತಿರಲಾಗಿ, ಎರಡನೆಯ ಇಯತ್ತೆಯ ಸೀಮಾ ಕಿಟಕಿಯ ಹತ್ತಿರ ಬಂದು ನಿಂತಳು. ಈ ಬಾಲಕಿ ಶೇಂಗಾ ಒಡೆಯಲು ಬರುತ್ತಾಳೆ, ಸರಿಯಾಗಿ ಬರೆಯುತ್ತಾಳೆ, ಬರೆದದ್ದನ್ನು ತಿನ್ನುವುದಿಲ್ಲ, ಇದುವರೆಗೆ ಕಟ್ಟೆಯ ಮೇಲೆ ಬಾಯಿ ಬಿಟ್ಟ ದಾಖಲೆ ಇಲ್ಲ. ಅವಳು, "ಆಡು ಮ್ಯಾಲ ಬಂತೇನ್ರಿ ಅಕ್ಕಾರ?" ಎಂದು ಕೇಳಿದಳು. ಉತ್ತರಿಸಬೇಕಾದ ಅಧಿಕಾರಿಯು ಆ ಸಮಯದಲ್ಲಿ ಹೊಲಿಗೆ ಯಂತ್ರದ ಹಿಂದೆ ಅಡಗಿದ್ದರು. ಈ ಬಗ್ಗೆ ಅವರಿಂದ ವಿವರಣೆ ಕೇಳಲಾಗಿದ್ದು, ತೃಪ್ತಿಕರವಾಗಿರುವುದಿಲ್ಲ.

6. ಬರುವ ಶನಿವಾರದಂದು ಎಲ್ಲ ಬೆರಳುಗಳನ್ನು ಬಾಯಿಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳತಕ್ಕದ್ದು. 'ಹೂಂ' ಅನ್ನು ಕಥೆ ಕೇಳಿಯೇ ಅನ್ನಬೇಕು. ಆಡು ಬೀಳುವ ಮೊದಲೇ ಮುಂಗಡವಾಗಿ ಅಂದ 'ಹೂಂ'ಗಳನ್ನು ಸ್ವೀಕರಿಸಲಾಗುವುದಿಲ್ಲ. ಮುಖ್ಯಗುರುಗಳು ಅಪೇಕ್ಷಿಸಿದಲ್ಲಿ ಅವರೂ ಅನ್ನಬಹುದು.

7. ಸದರಿ ತಬಸುಮ್ ಅವರು ಅಂದು ಶಾಲೆಯ ಬಾಗಿಲಲ್ಲಿ ಚಪ್ಪಲಿ ಬಿಡತಕ್ಕದ್ದಲ್ಲ. ಬಸಕ್ಕನವರ ಕೈಗೆ ಕೊಡತಕ್ಕದ್ದು. ಕಥೆ ಮುಗಿಯದೆ ಚಪ್ಪಲಿ ಮರಳಿಸಲಾಗುವುದಿಲ್ಲ. ಬಸಕ್ಕನವರು ಇದಕ್ಕೆ ಒಪ್ಪಿ, "ಓಡಿದ್ರ ಬರಿಗಾಲಾಗ ಓಡವಾ, ಮುಳ್ಳು ಅದಾವ" ಎಂದು ಷರಾ ಹಾಕಿರುತ್ತಾರೆ.

8. ಸೀಮಾಳಿಗೆ ಮೊದಲ ಸಾಲಿನಲ್ಲಿ ಸ್ಥಳ ಕಾಯ್ದಿರಿಸಲಾಗಿದೆ. ಜೋರಾಗಿ ಅನ್ನಲು ಬಾರದವರು ತಲೆ ಅಲ್ಲಾಡಿಸಿದರೂ ಅದನ್ನು ಪೂರ್ಣ ಪ್ರಮಾಣದ 'ಹೂಂ' ಎಂದೇ ಪರಿಗಣಿಸತಕ್ಕದ್ದು. ಹಾಗೆಯೇ, ಜೋರಾಗಿ ಹೇಳಲು ಬಾರದವರು ಮೆಲ್ಲಗೆ ಹೇಳಿದರೂ ಅದನ್ನು ಪೂರ್ಣ ಪ್ರಮಾಣದ ಕಥೆ ಎಂದೇ ಪರಿಗಣಿಸಬೇಕಾಗಿ ಕೋರಲಾಗಿದೆ.

9. ಆಡು ಹೇಗೆ ಮೇಲೆ ಬರುತ್ತದೆ ಎಂಬುದನ್ನು ಇಲಾಖೆ ಇನ್ನೂ ನಿರ್ಧರಿಸಿರುವುದಿಲ್ಲ. ಬರುತ್ತದೆ ಎಂಬುದನ್ನು ನಿರ್ಧರಿಸಲಾಗಿದೆ.

(ಸಹಿ)
ತಬಸುಮ್
ಅಕ್ಕ (ಪ್ರಭಾರ), ಓದು-ಬರಹ ಇಲಾಖೆ

ಪ್ರತಿಗಳು:
1. ಮುಖ್ಯಗುರುಗಳಿಗೆ: ಬೆರಳು ತೆಗೆಸುವ ಕ್ರಮಕ್ಕಾಗಿ.
2. ಲೆಕ್ಕದ ಸರ್ ಅವರಿಗೆ: ಶನಿವಾರ ವಿಶ್ರಾಂತಿ ಪಡೆಯಲು.
3. ಬಸಕ್ಕನವರಿಗೆ: ಓದಲು ಬಾರದ ಕಾರಣ ಓದಿ ಹೇಳಲಾಯಿತು. ಪ್ರತಿ ಕಲಮಿಗೂ 'ಹೂಂ' ಅಂದಿರುತ್ತಾರೆ.
4. ಭೀಮೇಶನಿಗೆ: ಜೆಸಿಬಿಯನ್ನು ಗೇಟಿನ ಹೊರಗೆ ನಿಲ್ಲಿಸಲು.
5. ಆಡಿಗೆ, ಬಾವಿಯ ಒಳಗೆ: ಶನಿವಾರದವರೆಗೆ ಸಹಕರಿಸಲು.
6. ಸೀಮಾಳಿಗೆ, ಕಿಟಕಿಯ ಮೂಲಕ: ಕಲಮು 5ರಲ್ಲಿನ ಪ್ರಶ್ನೆಗೆ ಉತ್ತರವಾಗಿ. ಇವಳಿಗೆ ಕೊಟ್ಟದ್ದು ಮೂಲ ಪ್ರತಿ, ಉಳಿದವರದು ನಕಲು.