ಇಂದಿರಾ ಮಿಸ್ ಒಪ್ಪದ ಅಧ್ಯಾಯ

ಓದುಗರು ಯಾವುದನ್ನು ನಂಬುತ್ತಾರೆ, ಯಾವುದನ್ನು ನಂಬುವುದಿಲ್ಲ ಎನ್ನುವುದು ಬರೆಯುವವರಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ನಾನು ಮಲ್ಲೇಶ್ವರದ ಒಂದು ಕಾಲೇಜಿನ ಆಫೀಸಿನಲ್ಲಿ ಟಿ.ಸಿ., ಮಾರ್ಕ್ಸ್ ಕಾರ್ಡುಗಳ ನಡುವೆಯೇ ವಯಸ್ಸು ಕಳೆದವಳು. ನಿವೃತ್ತಳಾದ ಮೇಲೆ, ಯಾರಿಗೂ ಹೇಳದೆ, ಒಂದು ಗೂಢಚಾರನ ಕಾದಂಬರಿ ಬರೆದುಬಿಟ್ಟೆ. ಅದರ ನಾಯಕ ಕ್ಯಾಪ್ಟನ್ ಅಚ್ಯುತ. ಅವನು ಕೈಗಡಿಯಾರದ ಗುಂಡಿ ಒತ್ತಿದರೆ ಆಕಾಶದಲ್ಲಿ ಹಾರುತ್ತಿರುವ ಶತ್ರು ವಿಮಾನ ಇದ್ದಲ್ಲೇ ನಿಂತುಬಿಡುತ್ತದೆ. ಬರೆಯುವಾಗ ನನಗೇ ಇದು ಸ್ವಲ್ಪ ಜಾಸ್ತಿಯಾಯಿತೇನೋ ಅನ್ನಿಸಿತ್ತು. ಆದರೆ ಆ ವಿಮಾನದ ಬಗ್ಗೆ ಒಬ್ಬರೂ ಚಕಾರ ಎತ್ತಲಿಲ್ಲ. ಅದೇ ಅಚ್ಯುತ ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಕಾರು ನಿಲ್ಲಿಸಿ ಇಳಿದ ಎಂದು ಬರೆದದ್ದಕ್ಕೆ ಮಾತ್ರ ಫೋನಿನ ಮೇಲೆ ಫೋನು. "ಎಲ್ಲಿ ನಿಲ್ಲಿಸ್ದ ಮೇಡಂ? ಜಾಗ ಎಲ್ಲಿತ್ತು?" ಸಂಜೆ ಆರು ಗಂಟೆಗೆ ಅವನು ಬಿನ್ನಿಪೇಟೆಯಿಂದ ಮೆಜೆಸ್ಟಿಕ್ಕಿಗೆ ಐದೇ ನಿಮಿಷದಲ್ಲಿ ತಲುಪಿದ್ದನ್ನಂತೂ ನಮ್ಮ ಯಜಮಾನರೇ ಒಪ್ಪಲಿಲ್ಲ. "ಅವನಿಗೊಂದು ಹೆಲಿಕಾಪ್ಟರ್ ಕೊಟ್ಬಿಡು, ನಂಬ್ತೀನಿ," ಎಂದರು.

ಹೇಗೋ ಮೊದಲ ಮುದ್ರಣ ಖರ್ಚಾಯಿತು. ಪ್ರಕಾಶಕರು ಫೋನ್ ಮಾಡಿ, "ಎರಡನೇ ಮುದ್ರಣ ಪ್ರೆಸ್ಸಿಗೆ ಹೋಗ್ತಿದೆ. ತಿದ್ದೋದಿದ್ರೆ ಸೋಮವಾರದೊಳಗೆ ಹೇಳ್ಬಿಡಿ," ಎಂದರು. ಒಂದಕ್ಷರವನ್ನೂ ತಿದ್ದುವುದಿಲ್ಲ ಎಂದು ಅಲ್ಲೇ ಘೋಷಿಸಿದೆ. ಕಾಲೇಜಿನಲ್ಲಿದ್ದಾಗ ಪ್ರಿನ್ಸಿಪಾಲರು ಬಂದು ಹೇಳಿದರೂ ಒಮ್ಮೆ ಬರೆದ ಟಿ.ಸಿ.ಯನ್ನು ತಿದ್ದಿದವಳಲ್ಲ ನಾನು.

ಅದೇ ವಾರ ನಮ್ಮ ಬಸವನಗುಡಿಯ ಮಹಿಳೆಯರ ಓದುಗುಂಪಿನವರು ನನ್ನ ಕಾದಂಬರಿಯ ಚರ್ಚೆಗೆ ಕರೆದರು. ಹೋದೆ. ಕೋಡುಬಳೆ, ಕಾಫಿ ಆಯಿತು. ಎಲ್ಲರೂ ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತಿರುವಾಗ ಮೂಲೆಯಲ್ಲಿದ್ದ ಇಂದಿರಾ ಮಿಸ್ ಪುಸ್ತಕ ತೆರೆದರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ನನಗಿಂತ ಹತ್ತು ವರ್ಷ ದೊಡ್ಡವರು. ನನ್ನ ಕಾದಂಬರಿಯ ಅಂಚಿನ ತುಂಬ ಕೆಂಪು ಇಂಕಿನ ಗುರುತುಗಳಿದ್ದವು.

"ಒಂಬತ್ತನೇ ಅಧ್ಯಾಯ," ಎಂದರು. "ನಿಮ್ಮ ಅಚ್ಯುತ ಇದೇ ಬಸವನಗುಡೀಲಿ ಒಬ್ಬಳನ್ನ ಬೆಳಗಿಂದ ಹಿಂಬಾಲಿಸ್ತಾನೆ. ಅವಳಿಗೆ ಗೊತ್ತೇ ಆಗಲ್ಲ. ನಾನು ಹಾಲು ತರೋಕೆ ಹೊರಟ್ರೆ ರಸ್ತೆ ತಿರುವಿಗೆ ಹೋಗೋದ್ರೊಳಗೆ ನಾಲ್ಕು ಜನ 'ಎಲ್ಲಿಗೆ ಮಿಸ್' ಅಂತಾರೆ. ಇಲ್ಲಿ ಯಾರೂ ಯಾರನ್ನೂ ಕದ್ದು ಹಿಂಬಾಲಿಸೋಕಾಗಲ್ಲ ಮೇಡಂ. ಈ ಅಧ್ಯಾಯ ತೆಗೆದ್ಬಿಡಿ."

ಹಾಗೆಂದು ಅವರು ಕೋಡುಬಳೆ ಮುರಿದುಕೊಂಡರು. ನಾನು ನಕ್ಕೆ. ಒಳಗೆ ಮಾತ್ರ ಉರಿಯುತ್ತಿತ್ತು. ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವರು ಚಾಮರಾಜಪೇಟೆಯ ಬಾಡಿಗೆ ಪುಸ್ತಕದಂಗಡಿಗೆ ನಡೆದೇ ಹೋಗುತ್ತಾರೆ ಎಂಬ ಸಂಗತಿ ಮಾತಿನ ನಡುವೆ ಕಿವಿಗೆ ಬಿತ್ತು. ಆ ಕ್ಷಣವೇ ನಿರ್ಧರಿಸಿಬಿಟ್ಟೆ. ಹಿಂಬಾಲಿಸಬಹುದು ಎಂದು ನಾನೇ ತೋರಿಸುತ್ತೇನೆ, ಅದೂ ಇದೇ ಇಂದಿರಾ ಮಿಸ್ಸನ್ನು.

ಶನಿವಾರ ಯಜಮಾನರ ಕಪ್ಪು ಕನ್ನಡಕ ಹಾಕಿಕೊಂಡು, ತಲೆಗೆ ಸ್ಕಾರ್ಫ್ ಬಿಗಿದು ಹೊರಟೆ. "ಎಲ್ಲಿಗೆ?" ಎಂದರು ಯಜಮಾನರು. "ಕೆಲಸ ಇದೆ," ಎಂದೆ. ಮಂಡಿನೋವಿನವಳು ಎರಡು ಕಿಲೋಮೀಟರ್ ನಡೆಯುತ್ತೇನೆ ಎಂದರೆ ಅವರು ಬಿಡುತ್ತಿರಲಿಲ್ಲ.

ಗಾಂಧಿ ಬಜಾರಿನಲ್ಲಿ ಇಂದಿರಾ ಮಿಸ್ ಬಟ್ಟೆಚೀಲ ಹಿಡಿದು ಬಂದರು. ಇಪ್ಪತ್ತು ಹೆಜ್ಜೆ ಹಿಂದೆ ನಾನು. ಅಚ್ಯುತನಿಗೆ ಬರೆದುಕೊಟ್ಟ ನಿಯಮವೇ ಅದು. ಹತ್ತು ಹೆಜ್ಜೆ ಇಟ್ಟಿಲ್ಲ, ಹೂವು ಮಾರುವ ಗೌರಮ್ಮ ಕೂಗಿದಳು. "ಏನಕ್ಕಾ, ಕಣ್ಣು ಆಪರೇಷನ್ ಆಯ್ತಾ? ಹೇಳ್ಲೇ ಇಲ್ಲ ನೋಡಿ." ಕೈಸನ್ನೆಯಲ್ಲೇ ಆಯಿತು ಎಂದೆ, ಇಲ್ಲ ಎಂದರೆ ಮಾತು ಬೆಳೆಯುತ್ತದೆ. ಅವಳು ಮರುಕದಿಂದ ಒಂದು ಮೊಳ ಮಲ್ಲಿಗೆ ಕೈಗಿಟ್ಟಳು. ಮುಂದೆ ಬಾಳೆಹಣ್ಣಿನವನು, ಆಮೇಲೆ ನಮ್ಮ ಹಳೆಯ ಮನೆಯ ಓನರ್ ಸೊಸೆ. ಎಲ್ಲರಿಗೂ ನನ್ನ ಗುರುತು ಹತ್ತಿತು. ಹತ್ತದೇ ಹೋದದ್ದು ಇಂದಿರಾ ಮಿಸ್ಸಿಗೆ ಮಾತ್ರ. ಕಾರಣ ಬುಲ್ ಟೆಂಪಲ್ ರಸ್ತೆಗೆ ಬಂದ ಮೇಲೆ ಹೊಳೆಯಿತು. ನಮ್ಮ ಫುಟ್‌ಪಾತಿನಲ್ಲಿ ಯಾವ ಕಲ್ಲು ಎದ್ದಿದೆ, ಯಾವುದು ಕುಸಿದಿದೆ ಎಂದು ನೋಡುತ್ತಾ ನಡೆಯುವವರು ತಲೆ ಎತ್ತುವುದೇ ಇಲ್ಲ. ಹಿಂತಿರುಗಿ ನೋಡುವುದು ಎಲ್ಲಿ ಬಂತು? ಮಂಡಿ ಸಿಡಿಯುತ್ತಿತ್ತು. ಖಾಲಿ ಆಟೋಗಳು ಪಕ್ಕದಲ್ಲೇ ಹಾದುಹೋದವು. ಹತ್ತಲಿಲ್ಲ. ಒಂಬತ್ತನೇ ಅಧ್ಯಾಯ ನನ್ನ ಎರಡು ಮಂಡಿಗಳ ಮೇಲೆ ನಿಂತಿತ್ತು.

ಕೊನೆಗೆ ಅವರು ಪುಸ್ತಕದಂಗಡಿ ಹೊಕ್ಕರು. ನಾನೂ ಮೆಲ್ಲಗೆ ನುಸುಳಿ, ಹಳೆಯ ವಾರಪತ್ರಿಕೆಗಳ ಕಪಾಟಿನ ಹಿಂದೆ ನಿಂತೆ. ಇನ್ನು ಅವರು ಅಂಗಡಿಯಿಂದ ಹೊರಗೆ ಕಾಲಿಡುವವರೆಗೆ ಸುಮ್ಮನಿದ್ದರೆ ಗೆದ್ದಂತೆ.

ಇಂದಿರಾ ಮಿಸ್ ಚೀಲದಿಂದ ನನ್ನ ಕಾದಂಬರಿಯನ್ನೇ ತೆಗೆದು ಅಂಗಡಿಯ ಯಜಮಾನರ ಮುಂದಿಟ್ಟರು. "ಇದನ್ನ ನೀವು ಓದ್ಲೇಬೇಕು. ತಪ್ಪುಗಳು ಬೇಕಾದಷ್ಟಿವೆ. ಆದ್ರೆ ಕೆಳಗಿಡೋಕಾಗಲ್ಲ. ನಾನು ಎರಡು ಸಲ ಓದ್ದೆ. ಅನ್ನ ಸೀದುಹೋಯ್ತು."

ಕೆಂಪು ಇಂಕಿನ ಆ ಹೆಂಗಸು ನನ್ನ ಪುಸ್ತಕಕ್ಕಾಗಿ ಅನ್ನ ಸೀಯಿಸಿಕೊಂಡಿದ್ದರು. ಓಡಿಹೋಗಿ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ತಡೆದುಕೊಂಡೆ. ಕಪಾಟಿನ ಧೂಳಿಗೆ ಸೀನು ಬಂತು. ಅದನ್ನೂ ಸೆರಗಿನಲ್ಲಿ ನುಂಗಿದೆ. ಅಚ್ಯುತ ನೋಡಿದ್ದರೆ ಸೆಲ್ಯೂಟ್ ಹೊಡೆಯುತ್ತಿದ್ದ.

"ಆದ್ರೆ ಗುಟ್ಟು ಪತ್ತೆ ಮಾಡೋಕೇನೂ ಕಷ್ಟ ಇಲ್ಲ," ಎಂದು ಮಿಸ್ ಮುಂದುವರಿಸಿದರು. "ಅದ್ರಲ್ಲೊಬ್ಬಳು ನರ್ಸ್ ಇದಾಳೆ, ಅವಳೇ ಶತ್ರುಗಳ ಕಡೆಯವಳು ಅಂತ ನಲವತ್ತನೇ ಪುಟದಲ್ಲೇ ಗೊತ್ತಾಗ್ಬಿಡುತ್ತೆ."

"ನಲವತ್ತನೇ ಪುಟದಲ್ಲಿ ಆ ನರ್ಸು ಬಂದೇ ಇಲ್ಲವಲ್ಲ ಮಿಸ್," ಎಂದಿತು ಒಂದು ಧ್ವನಿ. ಅದು ನನ್ನದು. ಅಷ್ಟರಲ್ಲಿ ನಾನು ಕಪಾಟಿನ ಹಿಂದಿನಿಂದ ಹೊರಗೂ ಬಂದಾಗಿತ್ತು.

ಇಂದಿರಾ ಮಿಸ್ ನನ್ನ ಕನ್ನಡಕ, ಸ್ಕಾರ್ಫು, ಮಲ್ಲಿಗೆ ಎಲ್ಲವನ್ನೂ ನೋಡಿದರು. "ನೀವು ಯಾವಾಗ ಬಂದ್ರಿ?"

"ಗಾಂಧಿ ಬಜಾರಿಂದ ನಿಮ್ಮ ಹಿಂದೇನೇ ಬಂದೆ."

ಅವರದು ಉತ್ತರಪತ್ರಿಕೆ ನೋಡುವವರ ಮುಖ. "ನಂಗೆ ನಿಜವಾಗ್ಲೂ ಗೊತ್ತಾಗ್ಲಿಲ್ಲ. ಹಾಗಾದ್ರೆ ಒಂಬತ್ತನೇ ಅಧ್ಯಾಯ ಒಪ್ಕೊಂಡೆ, ಇರಲಿ." ನಾನು ಬೀಗುವಷ್ಟರಲ್ಲಿ ಪುಸ್ತಕ ತೆರೆದು ಪೆನ್ನು ತೆಗೆದರು. "ಆದ್ರೆ ಹದಿನೇಳನೇದರ ಮೇಲೆ ಈಗ ಅನುಮಾನ ಬರ್ತಿದೆ. ಅಚ್ಯುತ ಬೀರುವಿನೊಳಗೆ ಅವಿತ್ಕೊಂಡಿರ್ತಾನೆ. ಹೊರಗಡೆ ಶತ್ರುಗಳು ಅವನನ್ನ ದಡ್ಡ, ದಡ್ಡ ಅಂತ ಒಂದು ಗಂಟೆ ಆಡ್ಕೋತಾರೆ. ಅವನು ಉಸಿರೂ ಎತ್ತಲ್ಲ. ಇದು ಆಗೋ ಮಾತಾ ಮೇಡಂ?"

ಇಬ್ಬರೂ ಒಂದೇ ಆಟೋದಲ್ಲಿ ವಾಪಸಾದೆವು.

ಸೋಮವಾರ ಪ್ರಕಾಶಕರಿಗೆ ನಾನೇ ಫೋನ್ ಮಾಡಿದೆ. ಹದಿನೇಳನೇ ಅಧ್ಯಾಯದಲ್ಲಿ ಅಚ್ಯುತ ಬೀರುವಿನ ಬಾಗಿಲು ತಳ್ಳಿಕೊಂಡು ಬಂದು, "ಯಾರ್ರೀ ದಡ್ಡ?" ಎಂದು ಕೇಳಬೇಕು ಎಂದೆ.

"ಅಲ್ಲ ಮೇಡಂ, ಹಾಗೆ ಬಂದ್ರೆ ಅಲ್ಲೇ ಸಿಕ್ಕಿಬೀಳ್ತಾನಲ್ಲ? ಮುಂದಿನ ಹನ್ನೆರಡು ಅಧ್ಯಾಯ ಏನ್ಮಾಡೋದು?"

"ಸಿಕ್ಕಿಬೀಳಲಿ ಬಿಡಿ," ಎಂದೆ. "ಮನುಷ್ಯ ಅಂದ್ಮೇಲೆ ಅಷ್ಟೂ ಬೇಡ್ವಾ?"