‘ಡಾಟರ್’ ಪದದ ವಂಶವೃಕ್ಷ

ಪದಗಳ ಮೂಲ ತಿಳಿದರೆ ಇಂಗ್ಲಿಷ್ ಪದಸಂಪತ್ತು ತಾನಾಗಿ ಬೆಳೆಯುತ್ತದೆ ಎಂಬುದು ನಿರ್ವಿವಾದ. ಆದುದರಿಂದ ವಂಶವೃಕ್ಷ ಪ್ರಮಾಣಪತ್ರ ನೀಡುವ ಕಚೇರಿಯ ನೌಕರರಿಗೆ ಎರಡು ದಿನಗಳ ತರಬೇತಿ ಕೊಡಿಸಲಾಯಿತು. ತರಬೇತಿಗೆ ಬಂದ ಮೇಷ್ಟ್ರು, ಪದಗಳಿಗೂ ತಾಯಿತಂದೆ, ಅಕ್ಕತಂಗಿಯರು ಇರುತ್ತಾರೆ ಎಂದು ಹೇಳಿ ಹೋದರು. ತಾವು ಯಾವ ಕಚೇರಿಯಲ್ಲಿ ನಿಂತು ಈ ಮಾತು ಆಡುತ್ತಿದ್ದೇವೆ ಎಂದು ಅವರು ಯೋಚಿಸಬೇಕಿತ್ತು.

ಮರುದಿನವೇ ಸಾಹೇಬರ ಸುತ್ತೋಲೆ ಹೊರಬಿತ್ತು. ಇನ್ನು ಮುಂದೆ ನೌಕರರ ರಜೆ ಅರ್ಜಿಗಳು ಇಂಗ್ಲಿಷಿನಲ್ಲೇ ಇರತಕ್ಕದ್ದು. ಅದರಲ್ಲಿ ಬಳಸುವ ಪ್ರತಿ ಪದಕ್ಕೂ ವಂಶವೃಕ್ಷ ಲಗತ್ತಿಸತಕ್ಕದ್ದು. ಐವರು ಸಾಕ್ಷಿಗಳ ಸಹಿ, ಮೂವತ್ತು ದಿನಗಳ ತಕರಾರು ಅವಧಿ, ಎಲ್ಲವೂ ಮನುಷ್ಯರಿಗೆ ಇರುವಂತೆಯೇ.

ಮೊದಲು ಸಿಕ್ಕಿಬಿದ್ದವರು ಟೈಪಿಸ್ಟಮ್ಮ. ಮಗಳಿಗೆ ಚೊಚ್ಚಲ ಹೆರಿಗೆ, ಮೂರು ವಾರ ಬಾಕಿ. ‘ನೋವು ಶುರುವಾಗೋ ಹೊತ್ತಿಗೆ ನಿನ್ನ ಪಕ್ಕದಲ್ಲಿರ್ತೀನಿ’ ಎಂದು ದೂರದ ಊರಿನಲ್ಲಿದ್ದ ಮಗಳಿಗೆ ಮಾತು ಕೊಟ್ಟಿದ್ದರು. ಸುತ್ತೋಲೆಯನ್ನು ತಮ್ಮ ಕೈಯಾರೆ ಟೈಪ್ ಮಾಡಿದವರೂ ಅವರೇ. ಆದರೂ ಇಪ್ಪತ್ತಾರು ವರ್ಷ ಅದೇ ಕುರ್ಚಿಯಲ್ಲಿ ಕೂತಿದ್ದ ಧೈರ್ಯದಿಂದ ಅರ್ಜಿ ಕೊಟ್ಟರು. ಅದರಲ್ಲಿ ‘ಡಾಟರ್’, ‘ಡೆಲಿವರಿ’, ‘ಅರ್ಜೆಂಟ್’ ಎಂಬ ಮೂರು ದೊಡ್ಡ ಪದಗಳಿದ್ದವು.

ಹೆಡ್‌ಕ್ಲರ್ಕ್ ಕನ್ನಡಕ ಏರಿಸಿ ಓದಿದರು.

“ಅಮ್ಮಾ, ‘ಅರ್ಜೆಂಟ್’ ಲ್ಯಾಟಿನ್ ಮನೆತನದ್ದು. ತಳ್ಳು, ಒತ್ತಾಯ ಮಾಡು ಅಂತ ಮೂಲ. ವಿಚಾರಣೆ ಮುಂದಿನ ತಿಂಗಳು ಇಟ್ಕೊಂಡಿದೀವಿ.”

“ಅದನ್ನ ಹೊಡೆದುಹಾಕಿ ಸಾರ್. ಡೆಲಿವರಿ?”

“ಬಿಡುಗಡೆ ಅನ್ನೋ ಮೂಲದಿಂದ ಬಂದಿದೆ. ಬಿಡುಗಡೆ ಅಂದ್ರೆ ಜೈಲು ಇಲಾಖೆ ಅಭಿಪ್ರಾಯ ಬೇಕಾಗುತ್ತೆ.”

“ಅದನ್ನೂ ಹೊಡೀರಿ.”

ಹೀಗೆ ಅರ್ಜಿಯಲ್ಲಿ ‘ಡಾಟರ್’ ಒಂದೇ ಉಳಿಯಿತು. ಅದನ್ನು ಹೊಡೆಯಲು ಟೈಪಿಸ್ಟಮ್ಮನಿಗೆ ಮನಸ್ಸಾಗಲಿಲ್ಲ. ಕಚೇರಿಯ ಗೋಡೆಗೆ ನೋಟಿಸು ಅಂಟಿತು:

‘ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಡಾಟರ್ ಎಂಬ ಪದವು ತನ್ನ ವಂಶವೃಕ್ಷ ಕೋರಿರುತ್ತದೆ. ತಕರಾರು ಇದ್ದವರು ಮೂವತ್ತು ದಿನಗಳೊಳಗೆ ಲಿಖಿತವಾಗಿ ಸಲ್ಲಿಸುವುದು. ತಡವಾಗಿ ಬಂದ ತಕರಾರುಗಳನ್ನು ತಡವಾಗಿ ಪರಿಗಣಿಸಲಾಗುವುದು.’

ಸಾಕ್ಷಿಗಳೇನೋ ಸಲೀಸಾಗಿ ಸಿಕ್ಕರು. ನಿವೃತ್ತ ಮೇಷ್ಟ್ರೊಬ್ಬರು, ಈ ಪದವನ್ನು ನಲವತ್ತು ವರ್ಷಗಳಿಂದ ಬಲ್ಲೆ, ನಡತೆ ಒಳ್ಳೆಯದು ಎಂದು ಬರೆದುಕೊಟ್ಟರು. ಇನ್ನೇನು ಅವಧಿ ಮುಗಿಯಬೇಕು, ಇಪ್ಪತ್ತೊಂಬತ್ತನೆಯ ದಿನ ತಕರಾರು ತಾತ ಬಂದರು. ಯಾವ ನೋಟಿಸು ಕಂಡರೂ ತಕರಾರು ಹಾಕದೆ ಊಟ ಮಾಡುವ ಅಭ್ಯಾಸ ಅವರಿಗಿಲ್ಲ.

“ಈ ಪದಕ್ಕೆ ಜರ್ಮನ್ ಭಾಷೆಯಲ್ಲಿ ಒಬ್ಬ ತಂಗಿ ಇದ್ದಾಳೆ. ಸಂಸ್ಕೃತದ ‘ದುಹಿತೃ’ ಅಕ್ಕನ ಸ್ಥಾನದಲ್ಲಿದ್ದಾಳೆ. ಇಬ್ಬರ ಸಹಿ ಇಲ್ಲದೆ ಹೇಗೆ ಕೊಡ್ತೀರಿ?”

ಸಾಹೇಬರಿಗೆ ತಾತನ ವಿದ್ವತ್ತು ಬಹಳ ಹಿಡಿಸಿತು. ಇಬ್ಬರಿಗೂ ನೋಟಿಸು ಹೋಯಿತು. ‘ವಿಳಾಸದಾರರು ಲಭ್ಯವಿಲ್ಲ’ ಎಂದು ಎರಡೂ ವಾಪಸು ಬಂದವು. ಮತ್ತೆ ಕಳಿಸಲಾಯಿತು.

ತಾತ ಬರುವ ಮೊದಲೇ ಕೂಸು ಹುಟ್ಟಿಬಿಟ್ಟಿತ್ತು. ತಕರಾರು ಅವಧಿಯ ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಅಳಿಯನ ಫೋನು ಬಂದಾಗ ಟೈಪಿಸ್ಟಮ್ಮ ಗೋಡೆಯ ನೋಟಿಸಿನ ಮೂರನೆಯ ಪ್ರತಿ ಟೈಪ್ ಮಾಡುತ್ತಿದ್ದರು. ಹೆಣ್ಣು ಮಗು, ಇಬ್ಬರೂ ಕ್ಷೇಮ. ಮಗಳು ಕೊನೆಯವರೆಗೂ ಬಾಗಿಲ ಕಡೆಗೇ ನೋಡುತ್ತಿದ್ದಳಂತೆ. ಟೈಪಿಸ್ಟಮ್ಮನಿಗೆ ದುಃಖ ಒತ್ತರಿಸಿ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ನೋಟಿಸು ಮುಗಿಸಿದರು.

“ಬೇಜಾರು ಮಾಡ್ಕೋಬೇಡಿ ಅಮ್ಮಾ, ಫೈಲು ಎಲ್ಲೂ ನಿಂತಿಲ್ಲ” ಎಂದು ಹೆಡ್‌ಕ್ಲರ್ಕ್ ಸಮಾಧಾನ ಹೇಳಿದರು. ಅದು ನಿಜವೂ ಆಗಿತ್ತು. ಫೈಲು ಒಂದು ಮೇಜಿನಿಂದ ಇನ್ನೊಂದಕ್ಕೆ ಓಡಾಡಿ ಸವೆದು, ಹೊಸ ರಟ್ಟು ಹಾಕಿಸಿಕೊಂಡಿತ್ತು.

ವರ್ಷಾಂತ್ಯದ ವರದಿಯ ಪ್ರಕಾರ ಅಭಿಯಾನ ಯಶಸ್ವಿ. ಒಟ್ಟು ಏಳು ಪದಗಳು ಮಂಜೂರಾಗಿದ್ದವು. ನೌಕರರು ಆ ಏಳರಲ್ಲೇ ಅಚ್ಚುಕಟ್ಟಾಗಿ ಕಾಲ ಹಾಕುತ್ತಿದ್ದರು. ‘ಆಫೀಸ್’ ಪದ ಮಾತ್ರ ತಿರಸ್ಕೃತವಾಯಿತು. ಅದರ ಮೂಲದಲ್ಲಿ ‘ಕೆಲಸ ಮಾಡುವುದು’ ಎಂಬ ಅರ್ಥವಿದ್ದು, ಸ್ಥಳ ಪರಿಶೀಲನೆಯಲ್ಲಿ ಅದಕ್ಕೆ ಪುರಾವೆ ದೊರೆಯಲಿಲ್ಲ.

ಅರ್ಜಿ ಕೊಟ್ಟ ಹದಿಮೂರನೆಯ ತಿಂಗಳಲ್ಲಿ ‘ಡಾಟರ್’ ಮಂಜೂರಾಯಿತು. ಟೈಪಿಸ್ಟಮ್ಮ ಆದೇಶವನ್ನು ಕೈಚೀಲದಲ್ಲಿಟ್ಟುಕೊಂಡು ಮಗಳ ಮನೆಗೆ ಬಂದರು. ಬಾಗಿಲಲ್ಲೇ ಮೊಮ್ಮಗಳು ಗೋಡೆ ಹಿಡಿದು ನಿಂತಿದ್ದಳು. ಹೊಸ ಮುಖವನ್ನು ಒಂದು ಗಳಿಗೆ ನೋಡಿ, “ಅಜ್ಜಿ” ಎಂದಳು.

“ಯಾರೂ ಹೇಳಿಕೊಟ್ಟಿಲ್ಲಮ್ಮಾ. ತಾನಾಗೇ ಬಂತು ನೋಡು” ಎಂದಳು ಮಗಳು.

ಟೈಪಿಸ್ಟಮ್ಮ ಕೂಸನ್ನು ಎದೆಗವಚಿಕೊಂಡು ಮನಸಾರೆ ಅತ್ತರು. ಅತ್ತು ಹಗುರಾದ ಮೇಲೆ ಮಗಳ ಕಿವಿಯ ಹತ್ತಿರ ಬಾಗಿದರು.

“ತಾನಾಗೇ ಬಂತು ಅಂತ ಹೊರಗೆಲ್ಲೂ ಹೇಳಬೇಡ ಕಣೇ. ಇವತ್ತೇ ಐದು ಜನರ ಸಹಿ ಹಾಕಿಸಿಟ್ಕೋ. ಮುಂದೆ ಇವಳಿಗೆ ತೊಂದರೆ ಆಗಬಾರದು.”

ಮಗಳು ಒಳಗಿನಿಂದ ಚಾಪೆ ತಂದು ಹಾಸಿದಳು. ಅಳಿಯ ಆಗಲೇ ಚಪ್ಪಲಿ ಮೆಟ್ಟಿಕೊಂಡು ಅಕ್ಕಪಕ್ಕದವರನ್ನು ಕರೆಯಲು ಹೊರಟಿದ್ದ. ಐವರೂ ಬಂದು ಚಾಪೆಯ ಮೇಲೆ ಸಾಲಾಗಿ ಕೂತರು. ಕೂಸು ಒಬ್ಬೊಬ್ಬರ ಮುಂದೆಯೂ ಒಂದೊಂದು ಸಲ “ಅಜ್ಜಿ” ಎಂದಿತು, ಅವರು ಒಬ್ಬೊಬ್ಬರಾಗಿ ಸಹಿ ಹಾಕಿದರು.